ಬ್ಲೂಬೆರ್ರಿಯ ಮಮ್ಮಿ ರೋಗ: ಮೊದಲು ನೆಲ ನೋಡಿ, ಆಮೇಲೆ ಗಿಡ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಅಮೆರಿಕದ ಮಿಶಿಗನ್ ರಾಜ್ಯದ ಸೌತ್ ಹೇವನ್ ಹತ್ತಿರ ಮೂರು ಎಕರೆಯ ಹಳೆಯ ಬ್ಲೂಬೆರ್ರಿ ತೋಟ ಕೊಂಡಿದ್ದೇವೆ. ಬ್ಲೂಕ್ರಾಪ್ ಮತ್ತು ಜರ್ಸಿ ತಳಿಗಳು. ಬೇಸಿಗೆಯಲ್ಲಿ ಜನ ಬಂದು ತಾವೇ ಹಣ್ಣು ಕಿತ್ತುಕೊಂಡು, ತೂಕಕ್ಕೆ ಹಣ ಕೊಟ್ಟು ಹೋಗುತ್ತಾರೆ. ಕಳೆದ ಮೇ ತಿಂಗಳಲ್ಲಿ ಎಳೆ ಚಿಗುರು ಸುಟ್ಟಂತೆ ಬಾಡಿ ಜೋತುಬಿದ್ದವು. ಪಕ್ಕದ ತೋಟದವರು ಇಬ್ಬನಿ ಹೆಪ್ಪುಗಟ್ಟಿದ್ದರಿಂದ ಹಾಗಾಗಿದೆ ಎಂದರು. ಜುಲೈಯಲ್ಲಿ ಅನೇಕ ಕಾಯಿಗಳು ನೀಲಿಯಾಗುವ ಬದಲು ತಿಳಿ ಗುಲಾಬಿ ಬಣ್ಣಕ್ಕೆ ತಿರುಗಿ, ಸುಕ್ಕುಗಟ್ಟಿ ಉದುರಿದವು. ಕಾಡಿನಂಚಿನ ತಗ್ಗು ಮೂಲೆಯಲ್ಲಿ ಇದು ಹೆಚ್ಚು. ಅಪ್ಪ ಫೋನಿನಲ್ಲಿ ‘ಅಡಿಕೆಗೆ ಹೊಡೆಯುವ ಹಾಗೆ ಬೋರ್ಡೋ ಹೊಡೆಯಿರಿ’ ಎನ್ನುತ್ತಾರೆ. ಜೇನುನೊಣವೇ ರೋಗ ಹರಡುತ್ತದೆ, ಈ ವರ್ಷ ಪೆಟ್ಟಿಗೆ ಇಡಿಸಬೇಡಿ ಎಂದು ಇನ್ನೊಬ್ಬರು ಹೇಳಿದರು. ಮಕ್ಕಳು ಗಿಡದಿಂದಲೇ ಕಿತ್ತು ತಿನ್ನುವ ತೋಟ ಇದು, ಔಷಧ ಹೊಡೆಯಲು ಮನಸ್ಸಿಲ್ಲ. ಈ ವಸಂತದಲ್ಲಿ ಏನು ನೋಡಬೇಕು, ಏನು ಮಾಡಬೇಕು?

ಉತ್ತರ: ಬಾಡಿದ ಚಿಗುರು ಒಂದು ತೊಂದರೆ, ಉದುರಿದ ಕಾಯಿ ಇನ್ನೊಂದು ಎಂದು ನೀವು ಬೇರೆಬೇರೆಯಾಗಿ ಬರೆದಿದ್ದೀರಿ. ನೀವು ಕೊಟ್ಟ ವಿವರಗಳನ್ನು ಜೋಡಿಸಿ ನೋಡಿದರೆ ಅವು ಒಂದೇ ರೋಗದ ಎರಡು ಹಂತಗಳು. ಅಲ್ಲಿನ ಬೆಳೆಗಾರರು ಇದನ್ನು ಮಮ್ಮಿ ಬೆರ್ರಿ ಎನ್ನುತ್ತಾರೆ. ಕಾರಣ ಮೊನಿಲಿನಿಯಾ ಗುಂಪಿನ ಒಂದು ಶಿಲೀಂಧ್ರ. ಗುಲಾಬಿ ಬಣ್ಣಕ್ಕೆ ತಿರುಗಿ ಸುಕ್ಕಾಗುವ ಕಾಯಿ ಇದರ ಖಚಿತವಾದ ಗುರುತು. ಹತ್ತಿರದ ಬೇರೆ ಯಾವ ಬ್ಲೂಬೆರ್ರಿ ರೋಗದಲ್ಲೂ ಕಾಯಿ ಹಾಗೆ ಬಣ್ಣ ಕೆಡುವುದಿಲ್ಲ.

ಪಕ್ಕದ ತೋಟದವರು ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡಿ. ಮಿಶಿಗನ್ ಸರೋವರದ ದಂಡೆಯ ಆ ಜಿಲ್ಲೆಗಳಲ್ಲಿ ಮೇ ತಿಂಗಳಲ್ಲೂ ಹಿಮ ಕಟ್ಟುತ್ತದೆ, ತಗ್ಗಿನಲ್ಲಿ ತಣ್ಣನೆ ಗಾಳಿ ನಿಂತು ಚಿಗುರು ಸುಡುತ್ತದೆ. ಆದರೆ ಹಿಮದ ಪೆಟ್ಟು ಒಂದೇ ರಾತ್ರಿಯಲ್ಲಿ, ಒಂದು ಮಟ್ಟದ ಎಲ್ಲ ಗಿಡಗಳಿಗೂ ಒಟ್ಟಿಗೆ ಬೀಳುತ್ತದೆ. ಮಮ್ಮಿ ರೋಗದಲ್ಲಿ ಒಂದೇ ಗಿಡದಲ್ಲಿ ಬಾಡಿದ ಚಿಗುರಿನ ಪಕ್ಕದಲ್ಲೇ ಹಸಿರಾಗಿ ನಿಂತ ಚಿಗುರೂ ಸಿಗುತ್ತದೆ. ಎಲೆಯ ನಡುನರದ ಉದ್ದಕ್ಕೂ ಕಂದು ಬಣ್ಣ ಹಬ್ಬುತ್ತದೆ, ಚಿಗುರಿನ ತುದಿ ಕೊಕ್ಕೆಯಾಗಿ ಬಾಗುತ್ತದೆ. ಕೆಲವು ದಿನ ಕಳೆದ ಮೇಲೆ ಆ ನಡುನರ ಮತ್ತು ಎಲೆತೊಟ್ಟಿನ ಮೇಲೆ ಬೂದು ಬಣ್ಣದ ಪುಡಿ ಮೂಡುತ್ತದೆ. ಬೆರಳಿಗೆ ಅಂಟುವ ಆ ಪುಡಿಯೇ ಶಿಲೀಂಧ್ರವನ್ನು ಹರಡುವ ಬೀಜಕಣಗಳು. ಹಿಮ ಸುಟ್ಟ ಎಲೆಯಲ್ಲಿ ಪುಡಿ ಇರುವುದಿಲ್ಲ. ಹಿಮ ತಾಗಿದ ಚಿಗುರಿಗೆ ಈ ಶಿಲೀಂಧ್ರ ಇನ್ನಷ್ಟು ಸುಲಭವಾಗಿ ಅಂಟುತ್ತದೆ ಎಂಬುದನ್ನೂ ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ನಿಮ್ಮ ತಗ್ಗು ಮೂಲೆಯಲ್ಲಿ ಎರಡೂ ಒಟ್ಟಿಗೆ ಕೆಲಸ ಮಾಡಿರುವ ಸಾಧ್ಯತೆ ಹೆಚ್ಚು.

ಈಗ ಈ ರೋಗ ವರ್ಷವಿಡೀ ಏನು ಮಾಡುತ್ತದೆ ಎಂಬುದನ್ನು ನಿಧಾನವಾಗಿ ಹೇಳುತ್ತೇನೆ. ಯಾವ ದಿನ ಏನು ಮಾಡಬೇಕು ಎಂಬುದೆಲ್ಲ ಇದರಿಂದಲೇ ತೀರ್ಮಾನವಾಗುತ್ತದೆ.

ಕಳೆದ ಜುಲೈಯಲ್ಲಿ ಉದುರಿದ ಆ ಸುಕ್ಕು ಕಾಯಿಗಳು ಕೊಳೆತು ಮಣ್ಣಾಗಲಿಲ್ಲ. ಹೊರಸಿಪ್ಪೆ ಕಳಚಿ, ಒಳಗೆ ಶಿಲೀಂಧ್ರ ಗಟ್ಟಿಯಾಗಿ ಕಪ್ಪಾಗಿ ಉಳಿಯಿತು. ಗೆರೆಗೆರೆಯಾದ ಪುಟ್ಟ ಕುಂಬಳಕಾಯಿಯಂತೆ ಕಾಣುವ ಈ ಕಪ್ಪು ಉಂಡೆಯೇ ಮಮ್ಮಿ. ದರಗಿನ ಕೆಳಗೆ, ಪಾಚಿಯ ಮೇಲೆ ಅದು ಚಳಿಗಾಲ ಕಳೆಯುತ್ತದೆ. ಮೊಳೆಯಲು ಅದಕ್ಕೆ ಚಳಿ ಬೇಕೇ ಬೇಕು, ಮಿಶಿಗನ್ನಿನ ಚಳಿಗಾಲ ಅದನ್ನು ಬೇಕಾದಷ್ಟು ಕೊಡುತ್ತದೆ. ಹಿಮ ಕರಗಿ ನೆಲ ತೇವವಾಗಿರುವಾಗ, ಬ್ಲೂಬೆರ್ರಿಯ ಎಲೆಮೊಗ್ಗು ಒಡೆಯುವ ಹೊತ್ತಿಗೆ ಸರಿಯಾಗಿ, ಮಮ್ಮಿಯಿಂದ ಸಣ್ಣ ತೊಟ್ಟು ಮೇಲೆದ್ದು ತುದಿಯಲ್ಲಿ ಕಂದು ಬಣ್ಣದ ಬಟ್ಟಲು ತೆರೆದುಕೊಳ್ಳುತ್ತದೆ. ಬಟ್ಟಲಿನ ಅಗಲ ಕೆಲವೇ ಮಿಲಿಮೀಟರ್. ಅದರಿಂದ ಚಿಮ್ಮಿದ ಬೀಜಕಣಗಳು ಗಾಳಿಯಲ್ಲಿ ತೇಲಿ ಎಳೆ ಚಿಗುರಿನ ಮೇಲೆ ಬೀಳುತ್ತವೆ. ಇದು ಮೊದಲ ದಾಳಿ.

ಸೋಂಕು ತಗುಲಲು ಚಿಗುರು ಒದ್ದೆಯಾಗಿರಬೇಕು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯ ಮತ್ತು ಅಮೆರಿಕದ ಮೇನ್ ರಾಜ್ಯದ ಕಾಡು ಬ್ಲೂಬೆರ್ರಿ ಹೊಲಗಳಿಗೆಂದು ಮಾಡಿಕೊಂಡ ಲೆಕ್ಕದ ಪ್ರಕಾರ, 10 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸುಮಾರು 6 ಗಂಟೆ ಎಲೆ ಒದ್ದೆಯಾಗಿದ್ದರೆ ಸಾಕು. 2 ಡಿಗ್ರಿಯಷ್ಟು ತಣ್ಣಗಿದ್ದರೆ ಸುಮಾರು 10 ಗಂಟೆ ಬೇಕು. ಒಂದು ರಾತ್ರಿಯ ತುಂತುರು ಮಳೆ, ಬೆಳಗಿನ ಮಂಜು, ಇಷ್ಟರಲ್ಲಿ ಆ ಗಂಟೆಗಳು ತುಂಬುತ್ತವೆ. ‘ಇಷ್ಟು ಚಳಿಯಲ್ಲಿ ಬೂಷ್ಟು ಎಲ್ಲಿ ಬೆಳೆಯುತ್ತದೆ’ ಎಂಬ ಮಾತನ್ನು ನಾನು ಹೊಸ ಬೆಳೆಗಾರರಿಂದ ಪದೇಪದೇ ಕೇಳಿದ್ದೇನೆ. ಈ ಶಿಲೀಂಧ್ರಕ್ಕೆ ಚಳಿಯೇ ಒಗ್ಗಿದ ಹವೆ.

ಸೋಂಕು ತಗುಲಿದ ಚಿಗುರು ಬಾಡುವುದಕ್ಕೆ ಎರಡು ವಾರ ಹಿಡಿಯಬಹುದು. ಅಷ್ಟರಲ್ಲಿ ಹೂ ಅರಳುತ್ತಿರುತ್ತದೆ. ಬಾಡಿದ ಎಲೆಯ ಮೇಲಿನ ಬೂದು ಪುಡಿ ಅತಿನೇರಳೆ ಕಿರಣವನ್ನು ಹೂವಿನಂತೆಯೇ ಪ್ರತಿಫಲಿಸುತ್ತದೆ, ಸಿಹಿಯನ್ನೂ ಪರಿಮಳವನ್ನೂ ಸೂಸುತ್ತದೆ. ರೋಗದ ಎಲೆ ಹೂವಿನ ವೇಷ ಹಾಕಿ ಕೀಟಗಳನ್ನು ಸೆಳೆಯುವ ಈ ಸಂಗತಿಯನ್ನು 1985ರಲ್ಲಿ ವಿಜ್ಞಾನಿಗಳು ಪ್ರಕಟಿಸಿದಾಗ ಸಸ್ಯರೋಗ ಓದಿದವರೆಲ್ಲ ಬೆರಗಾಗಿದ್ದರು. ನನಗೆ ಈಗಲೂ ಆ ಬೆರಗು ಕಡಿಮೆಯಾಗಿಲ್ಲ. ಎಲೆಗೆ ಬಂದ ನೊಣ, ದುಂಬಿ, ಜೇನು ಆ ಪುಡಿಯನ್ನು ಹೊತ್ತು ನಿಜವಾದ ಹೂವಿಗೆ ಹೋಗುತ್ತವೆ. ಹೂವಿನಲ್ಲಿ ಪರಾಗ ಅಂಟುವ ತುದಿಯಾದ ಶಲಾಕಾಗ್ರದ ಮೇಲೆ ಬಿದ್ದ ಬೀಜಕಣ ಪರಾಗದಂತೆಯೇ ಎಳೆ ಬಿಟ್ಟು ಅಂಡಾಶಯಕ್ಕೆ ಇಳಿಯುತ್ತದೆ. ಇದು ಎರಡನೆಯ ದಾಳಿ. ಅಲ್ಲಿಂದ ಮುಂದೆ ಹೊರಗೆ ಏನೂ ಕಾಣುವುದಿಲ್ಲ. ಕಾಯಿ ಬೇರೆ ಕಾಯಿಗಳಂತೆಯೇ ದಪ್ಪವಾಗುತ್ತದೆ, ಹಣ್ಣಾಗುವ ಹೊತ್ತಿಗೆ ಬಣ್ಣ ಕೆಟ್ಟು ಒಣಗಿ ಬೀಳುತ್ತದೆ.

ಅಂದರೆ ಜುಲೈಯಲ್ಲಿ ನೀವು ಕಂಡ ನಷ್ಟ ಮೇ ತಿಂಗಳಲ್ಲೇ ಆಗಿಹೋಗಿತ್ತು. ಮೇ ತಿಂಗಳ ಬಾಡುವಿಕೆಯಾದರೋ ಏಪ್ರಿಲ್ ತಿಂಗಳ ಒದ್ದೆ ರಾತ್ರಿಯೊಂದರಲ್ಲಿ ಆರಂಭವಾಗಿತ್ತು. ಲಕ್ಷಣ ಕಂಡ ಮೇಲೆ ಪಂಪು ಹೊರುವವರು ಈ ರೋಗದಲ್ಲಿ ಸದಾ ಒಂದು ಹಂತ ಹಿಂದೆ ಉಳಿಯುತ್ತಾರೆ. ನಿಮ್ಮ ಗಮನವೆಲ್ಲ ಈ ವರ್ಷ ಹಿಮ ಕರಗಿದ ಮೊದಲ ವಾರಗಳ ನೆಲದ ಮೇಲಿರಲಿ.

ನಿಮ್ಮ ತಂದೆಯವರ ಬೋರ್ಡೋ ಸಲಹೆಗೆ ಬರುತ್ತೇನೆ. ಅವರ ಮಾತಿನ ಹಿಂದೆ ಶತಮಾನದ ಅನುಭವವಿದೆ. ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಮಳೆಗಾಲಕ್ಕೆ ಮುಂಚೆಯೇ ಗೊನೆಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಸೇರಿದ ಈ ಬೋರ್ಡೋ ದ್ರಾವಣ ಹೊಡೆಯುವ ಕ್ರಮವನ್ನು ಮಲೆನಾಡಿಗೆ ಕೊಟ್ಟರು. ಅದು ಇಂದಿಗೂ ತೋಟ ಉಳಿಸುತ್ತಿದೆ. ಆದರೆ ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರಗಳ ವಂಶಕ್ಕೆ ಸೇರಿದ್ದೇ ಅಲ್ಲ, ಅದಕ್ಕೆ ತಾಮ್ರ ತಾಗುವ ಹಾಗೆ ಮೊನಿಲಿನಿಯಾಕ್ಕೆ ತಾಗುವುದಿಲ್ಲ. ಎಳೆ ಹಸಿರು ಚಿಗುರಿನ ಮೇಲೆ, ಅದೂ ಚಳಿ ತೇವದ ಹವೆಯಲ್ಲಿ ತಾಮ್ರ ಬಿದ್ದರೆ ಚಿಗುರೇ ಸುಡಬಹುದು. ಇನ್ನು ಸುಣ್ಣ: ಬ್ಲೂಬೆರ್ರಿಗೆ ಬೇಕಾದದ್ದು ಹುಳಿ ಮಣ್ಣು, ರಸಸಾರ 4.5ರಿಂದ 5.5ರ ನಡುವೆ. ಆ ಗಿಡದ ಬುಡಕ್ಕೆ ವರ್ಷ ವರ್ಷ ಸುಣ್ಣ ಸೇರಿಸುವ ಕೆಲಸ ಯಾರೂ ಮಾಡಬಾರದು. ಅಪ್ಪನ ಅನುಭವದಲ್ಲಿ ನಿಮಗೆ ನಿಜವಾಗಿ ಒದಗುವ ಭಾಗ ಬೇರೆ ಇದೆ. ರೋಗ ಕಾಣುವ ಮೊದಲೇ ಕಾಯುವುದು, ಉದುರಿದ ಕೊಳೆ ಕಾಯಿಯನ್ನು ತೋಟದಲ್ಲಿ ಬಿಡದಿರುವುದು. ಅವೆರಡೂ ಇಲ್ಲಿಗೆ ಅಕ್ಷರಶಃ ಹೊಂದುತ್ತವೆ.

ಜೇನುಪೆಟ್ಟಿಗೆಯನ್ನು ದಯವಿಟ್ಟು ತಪ್ಪಿಸಬೇಡಿ. ಜೇನು ಬೀಜಕಣ ಹೊರುತ್ತದೆ ಎಂಬುದು ನಿಜ. ಅದರಿಂದ ಜೇನನ್ನು ದೂರ ಇಟ್ಟರೆ ರೋಗ ನಿಲ್ಲುತ್ತದೆ ಎಂಬುದು ಸುಳ್ಳು. ಕಾಡಿನಂಚಿನ ದುಂಬಿಗಳು ಮತ್ತು ಗಾಳಿ ಆ ಕೆಲಸವನ್ನು ಹೇಗೂ ಮಾಡುತ್ತವೆ. ಹೊಸದಾಗಿ ಅರಳಿದ ಹೂವಿಗೆ ಸೋಂಕು ಸುಲಭ. ಅರಳಿ ಕೆಲವು ದಿನ ಕಳೆದ ಹೂವಿಗೆ, ಅದರಲ್ಲೂ ಮೊದಲೇ ಪರಾಗಸ್ಪರ್ಶವಾದ ಹೂವಿಗೆ ಶಿಲೀಂಧ್ರ ಹೊಕ್ಕುವುದು ಕಷ್ಟ. ಚುರುಕಾಗಿ ಪರಾಗಸ್ಪರ್ಶ ಆದಷ್ಟೂ ನಿಮಗೆ ಲಾಭ. ಜೇನಿಲ್ಲದಿದ್ದರೆ ರೋಗಕ್ಕಿಂತ ದೊಡ್ಡ ನಷ್ಟ ಕಾಯಿ ಕಚ್ಚದಿರುವುದರಿಂದ ಆಗುತ್ತದೆ.

ಇನ್ನು ಕೆಲಸ. ಹಿಮ ಕರಗಿದ ಕೂಡಲೇ ಕಾಡಿನಂಚಿನ ಆ ತಗ್ಗು ಮೂಲೆಯಿಂದ ಆರಂಭಿಸಿ. ಮಂಡಿಯೂರಿ ಕುಳಿತು, ಗಿಡದ ಬುಡದ ದರಗನ್ನು ಕೈಯಿಂದ ಮೆಲ್ಲಗೆ ಸರಿಸಿ ಕಪ್ಪು ಉಂಡೆಗಳನ್ನು ಹುಡುಕಿ. ನಿಂತು ನೋಡಿದರೆ ಕಾಣುವುದಿಲ್ಲ. ನೀರು ನಿಲ್ಲುವ ಕಡೆ, ಪಾಚಿ ಬೆಳೆದ ಕಡೆ, ಸಾಲಿನ ಒಳಗೆ ಗಿಡದ ಕಾಂಡಗಳ ನಡುವೆ ಹೆಚ್ಚು ಸಿಗುತ್ತವೆ. ಸಿಕ್ಕ ಜಾಗದಲ್ಲಿ ಬಣ್ಣದ ಕಡ್ಡಿ ನೆಟ್ಟು ಗುರುತು ಮಾಡಿ, ಅಂಥ ಕೆಲವು ಜಾಗಗಳನ್ನು ಕದಲಿಸದೆ ಬಿಟ್ಟು ವಾರಕ್ಕೆ ಎರಡು ಸಲ ನೋಡುತ್ತಿರಿ. ಮೊದಲು ಮಮ್ಮಿಯಿಂದ ಕಂದು ಮೊಳೆ ಏಳುತ್ತದೆ, ಆಮೇಲೆ ತುದಿ ತೆರೆದು ಬಟ್ಟಲಾಗುತ್ತದೆ. ಅದೇ ದಿನ ಎದ್ದು ನಿಂತು ಗಿಡದ ಎಲೆಮೊಗ್ಗನ್ನೂ ನೋಡಿ. ಬಟ್ಟಲು ತೆರೆದಿದೆ, ಮೊಗ್ಗಿನ ತುದಿ ಹಸಿರಾಗಿದೆ, ಮಳೆಯ ಮುನ್ಸೂಚನೆ ಇದೆ: ಈ ಮೂರೂ ಕೂಡಿದ ದಿನ ಅಪಾಯದ ದಿನ. ಬಟ್ಟಲು ತೆರೆದಿದ್ದರೂ ಮೊಗ್ಗು ಬಿಗಿಯಾಗಿದ್ದರೆ ಅವಸರವಿಲ್ಲ. ಒಣ ಗಾಳಿ ಬೀಸಿ ಮೇಲ್ಮಣ್ಣು ಒಣಗಿದರೆ ಬಟ್ಟಲುಗಳೂ ಮುರುಟಿಹೋಗುತ್ತವೆ. ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ಎನ್ವಿರೋವೆದರ್ ಹವಾಮಾನ ಕೇಂದ್ರಗಳ ಜಾಲದಲ್ಲಿ ನಿಮ್ಮ ಹತ್ತಿರದ ಕೇಂದ್ರದ ಮಳೆ ಮತ್ತು ಎಲೆ ತೇವದ ಮಾಹಿತಿ ಸಿಗುತ್ತದೆ. ಅದನ್ನು ನಿಮ್ಮ ಪುಸ್ತಕದಲ್ಲಿ ಮೊಗ್ಗಿನ ಹಂತದ ಪಕ್ಕದಲ್ಲಿ ಬರೆದಿಡಿ.

ಮೊಗ್ಗು ಒಡೆಯುವ ಮೊದಲೇ ಮಾಡಬೇಕಾದ ದೊಡ್ಡ ಕೆಲಸ ನೆಲದ್ದು. ಮಮ್ಮಿಯ ಮೇಲೆ ಎರಡೂವರೆ ಸೆಂಟಿಮೀಟರಿನಷ್ಟು ಮಣ್ಣು, ಇಲ್ಲವೇ ಐದು ಸೆಂಟಿಮೀಟರಿನಷ್ಟು ಹೊಸ ಮರದ ಚಕ್ಕೆಯ ಮುಚ್ಚಿಗೆ ಬಿದ್ದರೆ ಬಟ್ಟಲು ಮೇಲೆ ಬರಲಾರದು. ಸಾಲುಗಳ ನಡುವೆ ಮೇಲುಮೇಲಾಗಿ ಉಳುಮೆ ಮಾಡಿ ಮುಚ್ಚಬಹುದು. ಗಿಡದ ಬುಡದಲ್ಲಿ ಉಳುಮೆ ಬೇಡ, ಬ್ಲೂಬೆರ್ರಿಯ ಬೇರು ಮೇಲ್ಪದರದಲ್ಲೇ ಹರಡಿರುತ್ತದೆ. ಅಲ್ಲಿ ಕುಂಟೆಯಿಂದ ದರಗನ್ನು ಸಾಲಿನ ನಡುವಿಗೆ ಎಳೆದು, ಬುಡಕ್ಕೆ ಚಕ್ಕೆ ಹಾಕಿ. ಮೂರು ಎಕರೆಗೂ ಚಕ್ಕೆ ತರಿಸುವುದು ದುಬಾರಿ, ಹಾಗಾಗಿ ತಗ್ಗು ಮೂಲೆಗೆ ಮೊದಲು ಹಾಕಿ. ನೀವು ಕೇಳಿದ ಎಲ್ಲ ದಾರಿಗಳಲ್ಲಿ ಇದಕ್ಕೆ ಅಪಾಯ ಕಡಿಮೆ, ಫಲ ವರ್ಷಗಳವರೆಗೆ. ಮಿತಿ ಒಂದೇ: ಪಕ್ಕದ ತೋಟದಿಂದಲೋ ಕಾಡಿನ ಬ್ಲೂಬೆರ್ರಿ ಪೊದೆಗಳಿಂದಲೋ ಗಾಳಿಯಲ್ಲಿ ಬರುವ ಬೀಜಕಣವನ್ನು ಇದು ತಡೆಯುವುದಿಲ್ಲ. ಆದರೂ ಹೆಚ್ಚಿನ ಬೀಜಕಣ ತಾನು ಹುಟ್ಟಿದ ಜಾಗದ ಆಸುಪಾಸಿನಲ್ಲೇ ಬೀಳುವುದರಿಂದ ನಿಮ್ಮ ನೆಲವನ್ನು ಸ್ವಚ್ಛಗೊಳಿಸಿದ ಶ್ರಮ ವ್ಯರ್ಥವಾಗುವುದಿಲ್ಲ. ಬಟ್ಟಲು ತೆರೆದ ಸಮಯದಲ್ಲಿ ಯೂರಿಯಾ ಹರಳು ಎರಚಿ ಅವನ್ನು ಸುಡುವ ರೂಢಿಯೂ ಇದೆ. ಮರಳು ಮಣ್ಣಿನಲ್ಲಿ ಆ ಸಾರಜನಕ ಬೇಗ ಕೆಳಕ್ಕೆ ಇಳಿದು ಅಂತರ್ಜಲ ಸೇರುತ್ತದೆ. ಮಾಡುವುದಾದರೆ ರೋಗ ಕಂಡ ಜಾಗಕ್ಕಷ್ಟೇ ಮಾಡಿ, ಆ ಪ್ರಮಾಣವನ್ನು ವರ್ಷದ ಗೊಬ್ಬರದ ಲೆಕ್ಕದಲ್ಲಿ ಕಳೆಯಿರಿ.

ಸಿಂಪಡಣೆಯ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಕಳೆದ ವರ್ಷ ನೀವು ಕಂಡಷ್ಟು ಕಾಯಿ ಹೋಗಿದ್ದರೆ ನೆಲದಲ್ಲಿ ಮಮ್ಮಿಗಳು ಹೇರಳವಾಗಿವೆ. ಈ ಒಂದು ವರ್ಷವಾದರೂ ನೆಲದ ಕೆಲಸದ ಜೊತೆಗೆ ಶಿಲೀಂಧ್ರನಾಶಕ ಬಳಸಿ ಎಂಬುದು ನನ್ನ ಅಭಿಪ್ರಾಯ. ಮೊಗ್ಗಿನ ತುದಿ ಹಸಿರಾದಾಗ, ಮಳೆಗೆ ಮುಂಚೆ ಮೊದಲ ಸಿಂಪಡಣೆ. ಚಿಗುರು ದಿನದಿನವೂ ಬೆಳೆದು ಔಷಧವಿಲ್ಲದ ಹೊಸ ಭಾಗ ತೆರೆದುಕೊಳ್ಳುವುದರಿಂದ, ಹವೆ ಒದ್ದೆಯಾಗಿಯೇ ಇದ್ದರೆ ವಾರ, ಹತ್ತು ದಿನದಲ್ಲಿ ಇನ್ನೊಂದು. ಹೂ ಬಿಟ್ಟಾಗ ಬಾಡಿದ ಚಿಗುರು ಕಂಡರೆ ಹೂವಿನ ರಕ್ಷಣೆಗೆ ಮತ್ತೆ. ಮೊದಲ ದಾಳಿಯನ್ನು ಚೆನ್ನಾಗಿ ತಡೆದ ತೋಟದಲ್ಲಿ ಎರಡನೆಯ ದಾಳಿಗೆ ಬಲವೇ ಇರುವುದಿಲ್ಲ. ಹಣ ಒಂದೇ ಕಡೆ ಹಾಕಲು ಸಾಧ್ಯವಿದ್ದರೆ ಆರಂಭದ ಸಿಂಪಡಣೆಗೆ ಹಾಕಿ.

ಪ್ರೊಪಿಕೊನಾಜೋಲ್, ಫೆನ್‌ಬುಕೊನಾಜೋಲ್, ಪ್ರೊಥಿಯೊಕೊನಾಜೋಲ್ ಇವೆಲ್ಲ ಒಂದೇ ಕುಟುಂಬದ ಔಷಧಗಳು, ಈ ರೋಗಕ್ಕೆ ಪರಿಣಾಮಕಾರಿ. ಡಬ್ಬಿಯ ಮೇಲೆ ಗುಂಪಿನ ಸಂಖ್ಯೆ 3 ಎಂದು ಅಚ್ಚಾಗಿರುತ್ತದೆ. ಹೆಸರು ಬದಲಾಯಿಸಿದೆವು ಎಂದುಕೊಂಡು ಇವನ್ನೇ ಒಂದರ ಹಿಂದೊಂದು ಹೊಡೆದರೆ ಗುಂಪು ಬದಲಾದಂತಾಗುವುದಿಲ್ಲ, ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಸಂಖ್ಯೆ ನೋಡಿ ಬದಲಾಯಿಸಿ. ನಿಮ್ಮ ತೋಟದಲ್ಲಿ ಜನ ಕಿತ್ತು ಅಲ್ಲೇ ತಿನ್ನುವುದರಿಂದ ಸಿಂಪಡಣೆಗೂ ಕೊಯ್ಲಿಗೂ ನಡುವಿನ ಅಂತರ ಮುಖ್ಯ. ಪ್ರೊಪಿಕೊನಾಜೋಲಿಗೆ ಅದು 30 ದಿನ. ಏಪ್ರಿಲ್, ಮೇ ತಿಂಗಳ ಸಿಂಪಡಣೆಗೂ ಜುಲೈ ಕೊಯ್ಲಿಗೂ ಅದಕ್ಕಿಂತ ಹೆಚ್ಚು ಅಂತರ ತಾನಾಗಿಯೇ ಸಿಗುತ್ತದೆ. ಅಮೆರಿಕದಲ್ಲಿ ಡಬ್ಬಿಯ ಚೀಟಿಯ ಮಾತೇ ಕಾನೂನು, ಅಲ್ಲಿ ಬರೆದ ಪ್ರಮಾಣ ಮತ್ತು ಅಂತರ ಮೀರಬಾರದು. ಯಾವ ವರ್ಷ ಯಾವುದಕ್ಕೆ ಅನುಮತಿ ಇದೆ ಎಂಬುದನ್ನು ಅದೇ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಹೊರತರುವ ಹಣ್ಣಿನ ಬೆಳೆಗಳ ಕೈಪಿಡಿಯಲ್ಲಿ ನೋಡಿ. ಹೂ ಇರುವಾಗ ಹೊಡೆಯಬೇಕಾಗಿ ಬಂದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ ಹೊಡೆಯಿರಿ. ಶಿಲೀಂಧ್ರನಾಶಕ ಜೇನಿಗೆ ನಿರಪಾಯ ಎಂಬ ಮಾತು ಅರ್ಧ ಸತ್ಯ. 3ನೆಯ ಗುಂಪಿನ ಕೆಲವು ಔಷಧಗಳು ಪೈರೆಥ್ರಾಯ್ಡ್ ಕೀಟನಾಶಕದ ಜೊತೆ ಸೇರಿದಾಗ ಜೇನಿಗೆ ಆ ಕೀಟನಾಶಕದ ವಿಷ ಹೆಚ್ಚುತ್ತದೆ. ಒಂದೇ ಟ್ಯಾಂಕಿನಲ್ಲಿ ಎರಡನ್ನೂ ಬೆರೆಸಿ ಕೆಲಸ ಉಳಿಸುವ ಯೋಚನೆ ಬೇಡ.

ಔಷಧ ಬೇಡವೇ ಬೇಡ ಎನ್ನುವುದಾದರೆ ಅದೂ ಒಂದು ದಾರಿ, ಆದರೆ ಬೆಲೆ ಗೊತ್ತಿರಲಿ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಜೈವಿಕ ಉತ್ಪನ್ನ ಹೂವಿನ ಹಂತದಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಜಾರ್ಜಿಯಾದ ಸಂಶೋಧಕರು ಜೇನುಗೂಡಿನ ಬಾಗಿಲಲ್ಲಿ ಇದರ ಪುಡಿ ಇಟ್ಟು, ಜೇನುನೊಣಗಳಿಂದಲೇ ಹೂವಿಗೆ ತಲುಪಿಸಿ ಮಮ್ಮಿ ಕಾಯಿ ಕಡಿಮೆಯಾದದ್ದನ್ನು ತೋರಿಸಿದ್ದಾರೆ. ರೋಗ ಹೊರುವ ಕೀಟದಿಂದಲೇ ಮದ್ದು ಹೊರಿಸಿದ ಆ ಕೆಲಸವನ್ನು ನಾನು ತುಂಬ ಮೆಚ್ಚುತ್ತೇನೆ. ಆದರೆ ಇದು ರೋಗದ ಒತ್ತಡ ಕಡಿಮೆ ಇರುವ ತೋಟಕ್ಕೆ ಸಾಲುತ್ತದೆ. ನಿಮ್ಮ ತಗ್ಗು ಮೂಲೆಗೆ ಈ ವರ್ಷ ಸಾಲದು. ಎರಡು ಮೂರು ವರ್ಷ ನೆಲ ಮುಚ್ಚಿ ಮಮ್ಮಿಗಳು ತಗ್ಗಿದ ಮೇಲೆ ಆ ಹಾದಿಗೆ ಹೊರಳಿದರೆ ನಿಲ್ಲಬಹುದು.

ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಹೂ ಉಳಿಸಲು ತುಂತುರು ನೀರು ಹಾಯಿಸುವ ಕ್ರಮ ನಿಮ್ಮಲ್ಲಿದ್ದರೆ ಒಂದು ಇಕ್ಕಟ್ಟು ಎದುರಾಗುತ್ತದೆ. ಆ ನೀರು ಗಂಟೆಗಟ್ಟಲೆ ಎಲೆಯನ್ನು ಒದ್ದೆಯಾಗಿಡುತ್ತದೆ. ಹಿಮದ ಅಪಾಯ ನಿಜವಾಗಿದ್ದರೆ ನೀರು ಹಾಯಿಸಿ, ಹೂವೇ ಹೋದರೆ ರೋಗದ ಮಾತೇ ಉಳಿಯುವುದಿಲ್ಲ. ಆದರೆ ಅಂಥ ರಾತ್ರಿಯನ್ನು ಮಳೆ ಬಂದ ರಾತ್ರಿಯೆಂದೇ ಲೆಕ್ಕ ಹಿಡಿದು ಮುಂದಿನ ಸಿಂಪಡಣೆಯ ದಿನ ನಿರ್ಧರಿಸಿ.

ಮಕ್ಕಳ ವಿಷಯ: ಮಮ್ಮಿಯಾದ ಕಾಯಿ ಗಟ್ಟಿಯಾಗಿ, ಸಪ್ಪೆಯಾಗಿರುತ್ತದೆ, ಯಾರೂ ಇಷ್ಟಪಟ್ಟು ತಿನ್ನುವುದಿಲ್ಲ. ಅದೇ ಗೊಂಚಲಿನ ನೀಲಿ ಹಣ್ಣು ತಿನ್ನಲು ಅಡ್ಡಿಯಿಲ್ಲ. ಬಂದವರು ಗುಲಾಬಿ ಕಾಯಿಯನ್ನು ಕಿತ್ತು ನೆಲಕ್ಕೆ ಎಸೆಯದಂತೆ ಸಾಲಿನ ತುದಿಯಲ್ಲಿ ಒಂದು ಬಕೆಟ್ ಇಡಿ. ಅದರಲ್ಲಿ ಸೇರಿದ್ದನ್ನು ತೋಟದಿಂದ ದೂರ ಆಳವಾಗಿ ಹೂಳಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಜೂನ್ ತಿಂಗಳಲ್ಲಿ ಈ ವರ್ಷದ ಫಲಿತಾಂಶ ತಿಳಿಯಲು ಸುಲಭ ದಾರಿ ಇದೆ. ತೋಟದ ಬೇರೆಬೇರೆ ಕಡೆಯಿಂದ ನೂರು ಹಸಿರು ಕಾಯಿ ಕಿತ್ತು ಅಡ್ಡಲಾಗಿ ಕತ್ತರಿಸಿ. ಬೀಜದ ಕೋಣೆಗಳಲ್ಲಿ ಹತ್ತಿಯಂಥ ಬಿಳಿ ಬೂಷ್ಟು ಕಂಡರೆ ಅದು ಮಮ್ಮಿಯಾಗುವ ಕಾಯಿ. ತಗ್ಗು ಮೂಲೆಯದ್ದನ್ನೂ ಉಳಿದ ಭಾಗದ್ದನ್ನೂ ಬೇರೆಬೇರೆ ಎಣಿಸಿ. ಮುಂದಿನ ವಸಂತದಲ್ಲಿ ಇಡೀ ತೋಟಕ್ಕೆ ಔಷಧ ಬೇಕೇ, ಆ ಮೂಲೆಗಷ್ಟೇ ಸಾಕೇ ಎಂಬುದನ್ನು ಆ ಎರಡು ಸಂಖ್ಯೆಗಳು ಹೇಳುತ್ತವೆ. ಆ ಮೂಲೆಯಲ್ಲಿ ನೀರು ಬಸಿಯಲು ಕಾಲುವೆ ತೆಗೆಸುವುದು, ಗಾಳಿ ಆಡುವಂತೆ ಹಳೆಯ ಕಾಂಡಗಳನ್ನು ಚಳಿಗಾಲದಲ್ಲಿ ಸವರುವುದು ಇವೂ ಸಹಾಯಕ. ಗಿಡ ಸತ್ತ ಜಾಗದಲ್ಲಿ ಹೊಸದು ನೆಡುವಾಗ ಈ ರೋಗವನ್ನು ತಕ್ಕಮಟ್ಟಿಗೆ ತಡೆಯುವ ಬ್ಲೂಜೇಯಂಥ ತಳಿ ವಿಚಾರಿಸಿ.

ಕೊನೆಗೆ ಒಂದು ಎಚ್ಚರಿಕೆ. ವಸಂತದಲ್ಲಿ ಹೂಗೊಂಚಲು ಕಂದಾಗಿ ಅದರ ಮೇಲೆ ದಟ್ಟ ಬೂದು ತುಪ್ಪಳ ಕಂಡರೆ ಅದು ಬೊಟ್ರೈಟಿಸ್ ಎಂಬ ಬೇರೆ ಶಿಲೀಂಧ್ರದ ರೋಗ. ಹೂಮೊಗ್ಗಿನಿಂದ ಶುರುವಾಗಿ ಕಡ್ಡಿ ಕೆಳಮುಖವಾಗಿ ಒಣಗುತ್ತಾ ಬಂದರೆ ಫೊಮಾಪ್ಸಿಸ್ ಎಂಬ ಇನ್ನೊಂದು ಶಿಲೀಂಧ್ರ ಇರಬಹುದು. ಇವುಗಳ ಮದ್ದು ಮತ್ತು ಸಮಯ ಬೇರೆ. ಅನುಮಾನ ಬಂದರೆ ಪೂರ್ತಿ ಒಣಗಿದ್ದನ್ನು ಬಿಟ್ಟು, ಅರ್ಧ ಹಸಿರು ಅರ್ಧ ಬಾಡಿದ ಕಡ್ಡಿಯನ್ನು ಒಣ ಕಾಗದದಲ್ಲಿ ಸುತ್ತಿ, ಚೀಲದಲ್ಲಿಟ್ಟು ಈಸ್ಟ್ ಲ್ಯಾನ್ಸಿಂಗ್‌ನಲ್ಲಿರುವ ವಿಶ್ವವಿದ್ಯಾಲಯದ ಸಸ್ಯರೋಗ ಪ್ರಯೋಗಾಲಯಕ್ಕೆ ವಾರದ ಆರಂಭದಲ್ಲೇ ಕಳುಹಿಸಿ. ಶನಿವಾರ, ಭಾನುವಾರ ಅಂಚೆಯಲ್ಲಿ ಕುಳಿತ ಮಾದರಿ ಕೊಳೆತು ಏನನ್ನೂ ಹೇಳದು.